ಪಿಎಫ್ ಪೆನ್ಷನ್: ಹತ್ತು ವರ್ಷದ ರೂಲ್ಸ್ ಬದುಕಿದ್ದವರಿಗೆ, ಹೆಂಡ್ತಿ ಮಕ್ಕಳಿಗೆ ಒಂದು ತಿಂಗಳ ಕಂತು ಸಾಕು

ಗಂಗಾವತಿ ಕಡೆ ಒಂದು ರೈಸ್ ಮಿಲ್ನ್ಯಾಗ ಲೆಕ್ಕ ಬರಿಯೋದು ನನ್ನ ಕೆಲಸ, ತಿಂಗಳಾ ತಿಂಗಳಾ ಪಿಎಫ್ ರಿಟರ್ನ್ ಹಾಕೋನೂ ನಾನ. ಹಂಗಾಗಿ ಮಿಲ್ಲಿನವರಷ್ಟ ಅಲ್ಲ, ಗಿಣಿಗೇರಿ ಫ್ಯಾಕ್ಟರಿಯವರು, ತೋರಣಗಲ್ಲಿನ ಕಾಂಟ್ರ್ಯಾಕ್ಟ್ ಕೆಲಸದವರು, ಬಳ್ಳಾರಿ ಜೀನ್ಸ್ ಹೊಲಿಯೋರು, ಶಕ್ತಿನಗರದವರು ಎಲ್ಲಾರೂ ಯಾರದೋ ಕಡಿಂದ ನನ್ನ ನಂಬರ್ ತಗೊಂಡು ಅದ ಎರಡು ಪ್ರಶ್ನೆ ಕೇಳ್ತಾರ. ಒಂದು, "ನನಗ 58 ಆತ್ರೀ, ಪೆನ್ಷನ್ ಹೆಂಗ ಹಾಕ್ಬೇಕು". ಇನ್ನೊಂದು, "ನಮ್ಮ ಮನಿಯವ್ರು ತೀರಿಕೊಂಡ್ರು, ಹತ್ತು ವರ್ಷ ಸರ್ವೀಸ್ ಆಗಿಲ್ಲ ಅದಕ್ಕ ಪೆನ್ಷನ್ ಬರಂಗಿಲ್ಲ ಅಂತ ಹೇಳ್ಯಾರ, ಖರೇನ್ರಿ?"

ಎರಡನೇದಕ್ಕ ಉತ್ತರ ಇಲ್ಲೇ ಹೇಳಿಬಿಡ್ತೀನಿ: ಖರೇ ಅಲ್ಲ. ಹತ್ತು ವರ್ಷ ಅನ್ನೋ ರೂಲ್ಸು ಬದುಕಿದ್ದು ರಿಟೈರ್ ಆಗೋರಿಗೆ. ಕೆಲಸದಾಗ ಇದ್ದಾಗ ತೀರಿಕೊಂಡ್ರ ಒಂದು ತಿಂಗಳ ಕಂತು ಕಟ್ಟಿದ್ರೂ ಸಾಕು, ಹೆಂಡ್ತಿಗೆ ಮಕ್ಕಳಿಗೆ ಪೆನ್ಷನ್ ಐತಿ. ಇದೊಂದು ಮಾತು ಗೊತ್ತಿಲ್ಲದ ಎಷ್ಟು ಹೆಣ್ಮಕ್ಕಳು ಸುಮ್ನ ಮನಿಗೆ ಹೋಗ್ಯಾರ ಅಂದ್ರ ಹೊಟ್ಟಿ ಉರಿತೈತಿ.

ಇದು ಪ್ರೈವೇಟ್ ಕಂಪನಿ, ಮಿಲ್, ಫ್ಯಾಕ್ಟರಿ, ಕಾಂಟ್ರ್ಯಾಕ್ಟರ್ ಕೈಯಾಗ ಕೆಲಸ ಮಾಡೋರಿಗೆ ಕೇಂದ್ರ ಸರ್ಕಾರದ ಪಿಎಫ್ ಸಂಸ್ಥೆ ಇಪಿಎಫ್‌ಒ ಕೊಡೋ ಪೆನ್ಷನ್ ವಿಚಾರ. ಮಾಸ್ತರು, ತಹಸೀಲ್ದಾರ್ ಆಫೀಸಿನವರು ಇವರ ಖಜಾನೆ ಪೆನ್ಷನ್ ಬ್ಯಾರೆ, ಸಂಧ್ಯಾ ಸುರಕ್ಷಾ, ವಿಧವಾ ವೇತನ ಅವೂ ಬ್ಯಾರೆ, ಅವಕ್ಕ ಇಲ್ಲಿ ಹೇಳಿದ್ದು ಹೊಂದಂಗಿಲ್ಲ.

ಮೊದ್ಲು ನಾಕು ಮಾತು ತಿಳ್ಕೊಳ್ರಿ

ಯುಎಎನ್ ಅಂದ್ರ ನಿಮ್ಮ 12 ಅಂಕಿ ಪಿಎಫ್ ನಂಬರ್. ಎಷ್ಟು ಕಂಪನಿ ಬದಲಿ ಮಾಡಿದ್ರೂ ಇದು ಒಂದ ಇರ್ಬೇಕು.

ಇಪಿಎಸ್ ಅಂದ್ರ ಪೆನ್ಷನ್ ಸ್ಕೀಮು. 1995ರ ನವೆಂಬರ್ 16ಕ್ಕ ಶುರು ಆಗಿದ್ದು. ನಿಮ್ಮ ಪಗಾರದಾಗ ಹಿಡಿಯೋ 12 ಪರ್ಸೆಂಟ್ ಪೂರ್ತಿ ಪಿಎಫ್‌ಗೆ ಹೋಗ್ತೈತಿ, ಮಾಲೀಕ ಹಾಕೋ 12ರಾಗ 8.33 ಪರ್ಸೆಂಟ್ ಪೆನ್ಷನ್ ಗಂಟಿಗೆ ಹೋಗ್ತೈತಿ, ಅದೂ 15,000 ರೂಪಾಯಿ ಪಗಾರದ ಮಟ್ಟಿಗೆ ಅಷ್ಟ, ಅಂದ್ರ ತಿಂಗಳಿಗೆ ಹೆಚ್ಚಂದ್ರ 1,250. ಪಾಸ್‌ಬುಕ್ನ್ಯಾಗ ಕೊನಿ ಕಾಲಂ ಇರ್ತದಲ್ಲ, ಪೆನ್ಷನ್ ಕಾಂಟ್ರಿಬ್ಯೂಶನ್ ಅಂತ, ಅದ ಇದು. ಇದಕ್ಕ ಬಡ್ಡಿ ಕಾಣಂಗಿಲ್ಲ, "ನನ್ನ ರೊಕ್ಕಕ್ಕ ಬಡ್ಡಿ ಯಾಕ ಹಾಕಿಲ್ಲ" ಅಂತ ಜಗಳಾಡಬ್ಯಾಡ್ರಿ, ಅದು ಉಳಿತಾಯ ಅಲ್ಲ, ಪೆನ್ಷನ್ ಕೊಡೋ ಒಟ್ಟು ನಿಧಿಗೆ ಹೋಗೋದು. ಇನ್ನೊಂದು, 2014ರ ಸೆಪ್ಟೆಂಬರ್ 1 ಆದಮ್ಯಾಲ ಮೊದಲ ಸಲ ಪಿಎಫ್‌ಗೆ ಸೇರಿದವರು, ಸೇರುವಾಗ್ಲೇ ಪಗಾರ 15,000 ದಾಟಿತ್ತು ಅಂದ್ರ ಅವರು ಪೆನ್ಷನ್ ಸ್ಕೀಮ್ನ್ಯಾಗ ಬರಂಗೇ ಇಲ್ಲ, ಅವರ ಕಾಲಂ ಸೊನ್ನೆ ಇದ್ರ ಅದು ತಪ್ಪಲ್ಲ.

ಪಿಪಿಒ ಅಂದ್ರ ಪೆನ್ಷನ್ ಮಂಜೂರಾದ ಆದೇಶ, ಅದರ ನಂಬರ್ ಜೀವನಪೂರ್ತಿ ಬೇಕು. ಇಡಿಎಲ್ಐ ಅಂದ್ರ ಪಿಎಫ್ ಜೋಡಿನೇ ಇರೋ ಜೀವ ವಿಮೆ, ಇದಕ್ಕ ಕೆಲಸಗಾರ ಒಂದು ಪೈಸಾ ಕಟ್ಟಂಗಿಲ್ಲ, ಮಾಲೀಕನೇ ಕಟ್ತಾನ.

1. ಎಲ್ಲಕ್ಕಿಂತ ಮೊದ್ಲು ಹೆಸರು, ಹುಟ್ಟಿದ ತಾರೀಖು ಸರಿ ಮಾಡ್ಕೊಳ್ರಿ

ನಾನು ನೋಡಿದ ಅರ್ಜಿಯೊಳಗ ಹೆಚ್ಚಿನವು ವಾಪಸ್ ಬಂದಿದ್ದು ಇದಕ್ಕ. ನಮ್ಮ ಹೆಸರುಗಳು ಹಂಗ ಅದಾವ. ಮನ್ಯಾಗ ಹುಲಿಗೆವ್ವ, ಆಧಾರ್ನ್ಯಾಗ ಹುಲಿಗೆಮ್ಮ, ಬ್ಯಾಂಕ್ನ್ಯಾಗ ಗಂಡನ ಹೆಸರು ಜೋಡಿಸಿ ಇನ್ನೊಂದು. ಗಂಡಸರದು ಈರಣ್ಣ ಒಂದ್ಕಡೆ, ವೀರಣ್ಣ ಇನ್ನೊಂದ್ಕಡೆ, ಮಿಲ್ಲಿನ ರಿಜಿಸ್ಟರ್ನ್ಯಾಗ ಬರೇ ವೀರೇಶ. ಇಂಗ್ಲಿಷ್ನ್ಯಾಗ ಬರಿಯುವಾಗ ಬಸವರಾಜ ಅನ್ನೋದರ ಕೊನಿಗೆ ಒಂದು ಅಕ್ಷರ ಹೆಚ್ಚು ಕಡಿಮಿ ಆದ್ರೂ ಕಂಪ್ಯೂಟರ್ ಒಪ್ಪಂಗಿಲ್ಲ. ಇನ್ನ ಹುಟ್ಟಿದ ತಾರೀಖು ಕೇಳಬ್ಯಾಡ್ರಿ, ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕ ಹುಟ್ಟೈತಿ, ಸಾಲಿಗೆ ಹಚ್ಚುವಾಗ ಮಾಸ್ತರು ಬರದಿದ್ದು. ಆಧಾರ್ನ್ಯಾಗ ಬ್ಯಾರೆನೇ ಇರ್ತೈತಿ.

ಮಾಡೋದೇನು: ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಖಾತೆ ನಾಕೂ ಒಂದ್ಕಡೆ ಇಟ್ಕೊಂಡು ಅಕ್ಷರ ಅಕ್ಷರ ಹೋಲಿಸ್ರಿ. ಮೊದ್ಲು ಆಧಾರ್ ಸರಿ ಮಾಡಿಸ್ರಿ, ಆಮ್ಯಾಲ ಬ್ಯಾಂಕು, ಕಡಿಗೆ ಪಿಎಫ್. ಈ ಸಾಲು ತಪ್ಪಿಸಿದ್ರ ಮಾಡಿದ್ದ ಕೆಲಸಾನ ಎರಡು ಸಲ ಮಾಡೋದು ಬರ್ತೈತಿ. ಪಿಎಫ್ನ್ಯಾಗ ತಿದ್ದೋದಕ್ಕ ಜಾಯಿಂಟ್ ಡಿಕ್ಲರೇಶನ್ ಅಂತಾರ, ಅಂದ್ರ ಕೆಲಸಗಾರನೂ ಮಾಲೀಕನೂ ಕೂಡಿ "ಇದು ತಪ್ಪೈತಿ, ಇದು ಸರಿ" ಅಂತ ಬರಕೊಡೋದು. ಪಿಎಫ್ ಸಂಸ್ಥೆಯ ವೆಬ್‌ಸೈಟಿನ ಮೆಂಬರ್ ಪೋರ್ಟಲ್ನ್ಯಾಗ ಆನ್‌ಲೈನ್ ಹಾಕಬಹುದು, 2017ರ ಅಕ್ಟೋಬರ್ ನಂತರ ಆಧಾರ್ ಮ್ಯಾಲ ತಗದ ಯುಎಎನ್ ಆದ್ರ ಹೆಸರು ಜನ್ಮದಿನದಂಥವು ಮಾಲೀಕನ ಒಪ್ಪಿಗಿ ಇಲ್ಲದನೇ ತಿದ್ದಬಹುದು.

ಇದನ್ನ ಬದುಕಿದ್ದಾಗ್ಲೇ ಮಾಡ್ರಿ. ಮನುಷ್ಯ ಹೋದಮ್ಯಾಲ ಅವನ ಹೆಸರು ತಿದ್ದಿಸೋದು ಹೆಂಡ್ತಿ ಪಾಲಿಗೆ ಬೀಳ್ತೈತಿ, ಆಗ ಓಟಿಪಿ ಬರೋ ಆಧಾರ್ ಮೊಬೈಲ್ ನಂಬರೂ ಬಂದ್ ಆಗಿರ್ತೈತಿ. ಅಂದಂಗ ಮನಿಯಾಗ ಯಾರರ ಪಿಎಫ್ ಇರೋರು ತೀರಿಕೊಂಡ್ರ ಕ್ಲೇಮ್ ಮುಗಿಯೋ ಮಟ ಅವರ ಸಿಮ್ ಬಂದ್ ಮಾಡಿಸಬ್ಯಾಡ್ರಿ.

2. ಸರ್ವೀಸು ಪೂರ್ತಿ ಒಂದ ನಂಬರಿಗೆ ತರ್ರಿ

ಪೆನ್ಷನ್‌ಗೆ ಹತ್ತು ವರ್ಷ ಅಂದ್ರ ಒಂದ ಕಂಪನ್ಯಾಗ ಹತ್ತು ವರ್ಷ ಅಲ್ಲ. ಎರಡು ವರ್ಷ ಸ್ಪಾಂಜ್ ಐರನ್ ಫ್ಯಾಕ್ಟರಿ, ಮೂರು ವರ್ಷ ಸಂಡೂರು ಮೈನ್ಸು, ಐದು ವರ್ಷ ಮಿಲ್ಲು, ಎಲ್ಲಾ ಕೂಡಿದ್ರ ಆತು. ಆರು ತಿಂಗಳು ಮತ್ತ ಅದಕ್ಕಿಂತ ಹೆಚ್ಚಿನ ಚಿಲ್ಲರೆನ ಒಂದು ವರ್ಷ ಅಂತ ಹಿಡಿತಾರ, ಅಂದ್ರ ಒಂಬತ್ತೂವರಿ ವರ್ಷ ಆದ್ರೂ ಹತ್ತು ಅಂತ ಲೆಕ್ಕ.

ಆದ್ರ ಇಲ್ಲೇ ದೊಡ್ಡ ಹಳ್ಳ ಐತಿ. ಕಂಪನಿ ಬಿಟ್ಟ ಕೂಡ್ಲೇ ನಮ್ಮ ಹುಡುಗ್ರು ಆನ್‌ಲೈನ್ ಅಂಗಡಿಗೆ ಹೋಗಿ "ಎಲ್ಲಾ ತಗದು ಕೊಡ್ರಿ" ಅಂತಾರ. ಅವರು ಎರಡು ಫಾರ್ಮ್ ಹಾಕ್ತಾರ, ಫಾರ್ಮ್ 19 ಅಂದ್ರ ಪಿಎಫ್ ರೊಕ್ಕ, ಫಾರ್ಮ್ 10-ಸಿ ಅಂದ್ರ ಪೆನ್ಷನ್ ಗಂಟಿನ ರೊಕ್ಕ. 10-ಸಿ ಹಾಕಿ ರೊಕ್ಕ ತಗೊಂಡ್ರಿ ಅಂದ್ರ ಅಲ್ಲಿಗೆ ಆ ಸರ್ವೀಸ್ ಸತ್ತಂಗ, ಮುಂದ ಹೊಸಾ ಕಂಪನ್ಯಾಗ ಮತ್ತ ಒಂದರಿಂದ ಎಣಿಸಬೇಕು. ನಮ್ಮ ಮಿಲ್ಲಿನ ಒಬ್ಬಾತ ಎಂಟು ವರ್ಷ, ಆಮ್ಯಾಲ ಇನ್ನೊಂದ್ಕಡೆ ಏಳು ವರ್ಷ ದುಡದಾನ, ಎರಡೂ ಸಲ 10-ಸಿ ಹಾಕ್ಯಾನ, ಹದಿನೈದು ವರ್ಷ ದುಡದು ಈಗ ಪೆನ್ಷನ್ ಸೊನ್ನಿ. ಮೊದಲನೇ ಸಲ ಬಂದ ರೊಕ್ಕದಾಗ ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡಿದ್ದ, ಅದೂ ಈಗ ಇಲ್ಲ.

ಹತ್ತು ವರ್ಷ ಆಗದ ಕಂಪನಿ ಬಿಟ್ರ ಅದ 10-ಸಿ ಫಾರ್ಮ್ನ್ಯಾಗ ರೊಕ್ಕದ ಬದ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದು ಇಷ್ಟು ವರ್ಷ ಸರ್ವೀಸ್ ಐತಿ ಅಂತ ಬರಕೊಡೋ ಕಾಗದ, ಮುಂದಿನ ಸರ್ವೀಸಿಗೆ ಜೋಡಿಸ್ಕೋಬಹುದು. ಇನ್ನೊಂದು ಕೆಲಸ ಸಿಕ್ಕೇ ಬಿಟ್ಟಿದ್ರ ಅದೂ ಬ್ಯಾಡ, ಹಳೇ ಖಾತೆನ ಹೊಸದಕ್ಕ ಟ್ರಾನ್ಸ್‌ಫರ್ ಮಾಡ್ರಿ ಸಾಕು. ಹತ್ತು ವರ್ಷ ಆದಮ್ಯಾಲ ಪೆನ್ಷನ್ ಗಂಟು ಕೈಗೆ ಕೊಡೋದೇ ಇಲ್ಲ, ಪೆನ್ಷನ್ ಅಷ್ಟ.

ಬಿಟ್ಟ ತಾರೀಖು ನೋಡ್ರಿ. ಪೋರ್ಟಲ್ನ್ಯಾಗ ಸರ್ವೀಸ್ ಹಿಸ್ಟರಿ ಅಂತ ಇರ್ತೈತಿ, ಅಲ್ಲಿ ಹಳೇ ಕಂಪನಿ ಬಿಟ್ಟ ತಾರೀಖು ಖಾಲಿ ಇದ್ರ ಯಾವ ಕ್ಲೇಮೂ ಮುಂದ ಹೋಗಂಗಿಲ್ಲ. ಮಾಲೀಕ ಹಾಕ್ಲಿಲ್ಲ ಅಂದ್ರ ಕೊನಿ ಕಂತು ಬಿದ್ದು ಎರಡು ತಿಂಗಳು ಆದಮ್ಯಾಲ ನೀವ ಹಾಕಬಹುದು. ಒಂದು ದಿನ ಆ ಕಡೆ ಈ ಕಡೆ ಆಗದಂಗ ಪಗಾರ ಚೀಟಿ ನೋಡಿ ಹಾಕ್ರಿ, ಒಮ್ಮೆ ಹಾಕಿದ್ದು ತಿದ್ದಸೋದು ತಲಿಬ್ಯಾನಿ.

ಕಾಂಟ್ರ್ಯಾಕ್ಟರ್ ಕೈಯಾಗ ಇದ್ದೋರು ಪಾಸ್‌ಬುಕ್ ಮೂರು ತಿಂಗಳಿಗೊಮ್ಮೆ ನೋಡ್ಲೇಬೇಕು. ಪಗಾರದಾಗ ಹಿಡಿದು ಕಟ್ಟದೇ ಇರೋರು ಅದಾರ. ಕಾಂಟ್ರ್ಯಾಕ್ಟರ್ ಓಡಿ ಹೋದ್ರೂ ಕಟ್ಟೋ ಜವಾಬ್ದಾರಿ ಕೆಲಸ ಕೊಟ್ಟ ಮೂಲ ಕಂಪನಿ ಮ್ಯಾಲ ಬರ್ತೈತಿ, ಹಂಗಾಗಿ ಪಗಾರ ಚೀಟಿ, ಗೇಟ್ ಪಾಸ್ ಯಾವುದನ್ನೂ ಬಿಸಾಕಬ್ಯಾಡ್ರಿ.

3. ಎಷ್ಟು ಬರ್ತೈತಿ, ಯಾವಾಗ ಹಾಕ್ಬೇಕು

ಲೆಕ್ಕ ಸರಳ ಐತಿ. ಕೊನಿ 60 ತಿಂಗಳ ಸರಾಸರಿ ಪಗಾರನ ಸರ್ವೀಸಿನ ವರ್ಷದಿಂದ ಗುಣಿಸಿ 70ರಿಂದ ಭಾಗಿಸ್ರಿ. ಪಗಾರ ಅಂದ್ರ ಬೇಸಿಕ್ ಮತ್ತ ಡಿಎ (ತುಟ್ಟಿಭತ್ಯೆ), ಅದೂ 15,000ದ ಒಳಗ. 2014ರ ಅಕ್ಟೋಬರ್ನ್ಯಾಗ ಸೇರಿದವನಿಗೆ 11 ವರ್ಷ ಆಗೈತಿ, ಸರಾಸರಿ 14,000 ಐತಿ ಅಂದ್ರ, 14,000 ಇಂಟು 11, ಭಾಗಿಸು 70, ತಿಂಗಳಿಗೆ 2,200. 2014ರ ಸೆಪ್ಟೆಂಬರ್ ಹಿಂದಿನ ಸರ್ವೀಸ್ ಇದ್ದೋರಿಗೆ ಆ ಭಾಗಕ್ಕ 6,500ರ ಮಿತಿ ಹಾಕಿ ಲೆಕ್ಕ ಮಾಡ್ತಾರ, ಅದಕ್ಕ ನೀವು ಮನ್ಯಾಗ ಮಾಡಿದ ಲೆಕ್ಕಕ್ಕೂ ಅಲ್ಲಿ ಬಂದಿದ್ದಕ್ಕೂ ಫರಕ್ ಬರ್ತೈತಿ. 20 ವರ್ಷ ತುಂಬಿ 58ಕ್ಕ ನಿವೃತ್ತಿ ಆದ್ರ ಎರಡು ವರ್ಷ ಪುಕ್ಕಟ ಜೋಡಿಸ್ತಾರ. ಎಷ್ಟ ಕಡಿಮಿ ಬಂದ್ರೂ 1,000ಕ್ಕಿಂತ ಕೆಳಗ ಕೊಡಂಗಿಲ್ಲ ಅಂತ 2014ರಿಂದ ಐತಿ. ಸಾವಿರ ರೂಪಾಯಿ ಇವತ್ತಿಗೆ ಒಂದು ಗ್ಯಾಸ್ ಸಿಲಿಂಡರಿಗೆ ಅಷ್ಟ, ಆದ್ರ ಬರೋದನ್ನ ಯಾಕ ಬಿಡಬೇಕು.

ವಯಸ್ಸು 58 ತುಂಬಿದ್ರ ಪೂರ್ತಿ ಪೆನ್ಷನ್. 50 ಆದಮ್ಯಾಲ ಕೆಲಸ ಬಿಟ್ಟೋರು ಮೊದ್ಲೇ ತಗೋಬಹುದು, ಆದ್ರ 58ಕ್ಕ ಎಷ್ಟು ವರ್ಷ ಕಡಿಮಿ ಅಷ್ಟು ವರ್ಷಕ್ಕ 4 ಪರ್ಸೆಂಟಿನಂಗ ಕಡಿತ, ಅದೂ ಸಾಯೋಮಟ ಕಡಿತ, 58 ಆದ ಕೂಡ್ಲೇ ಮತ್ತ ಏರಸಂಗಿಲ್ಲ. 60ರ ಮಟ ತಡದ್ರ ವರ್ಷಕ್ಕ 4 ಪರ್ಸೆಂಟ್ ಜಾಸ್ತಿ.

4. ಬದುಕಿದ್ದವರು ಅರ್ಜಿ ಹಾಕೋದು: ಫಾರ್ಮ್ 10-ಡಿ

ಇದು ಪೆನ್ಷನ್ ಬೇಡಿಕಿ ಅರ್ಜಿ. ಆಧಾರ್ ಜೋಡಣೆ ಇದ್ರ ಪೋರ್ಟಲ್ನ್ಯಾಗ ಹಾಕಬಹುದು, ಇಲ್ಲಂದ್ರ ಕಾಗದದ ಮ್ಯಾಲ ಕೊನಿ ಕಂಪನಿ ಸಹಿ ಹಾಕಿಸಿ ಕೊಡ್ರಿ. ಗಂಡ ಹೆಂಡ್ತಿ ಕೂಡಿ ತಗಸಿದ ಫೋಟೋ, ಬ್ಯಾಂಕ್ ಪಾಸ್‌ಬುಕ್ ಝೆರಾಕ್ಸ್ ಇಲ್ಲವೇ ಹೆಸರು ಇರೋ ಚೆಕ್ಕು, ವಯಸ್ಸಿನ ದಾಖಲೆ, 25ರ ಒಳಗಿನ ಮಕ್ಕಳ ಜನನ ಪ್ರಮಾಣಪತ್ರ ಬೇಕು. ಹೆಂಡ್ತಿ ಮಕ್ಕಳ ಹೆಸರು ಈ ಫಾರ್ಮ್ನ್ಯಾಗ ಬಿಡದಂಗ ಬರೀರಿ, ನಾಳೆ ನಿಮ್ಮ ಹಿಂದ ಅವರಿಗೆ ಬರಬೇಕಾದ್ದು ಇದರ ಮ್ಯಾಲ ನಿಂತೈತಿ.

ಕಂಪನಿ ಮುಚ್ಚಿ ಹೋಗಿದ್ರ? ಗೆಜೆಟೆಡ್ ಅಧಿಕಾರಿ, ಖಾತೆ ಇರೋ ಬ್ಯಾಂಕಿನ ಮ್ಯಾನೇಜರ್, ಪೋಸ್ಟ್ ಮಾಸ್ತರು, ಸಾಲಿ ಹೆಡ್ ಮಾಸ್ತರು ಇವರಾಗ ಒಬ್ಬರ ಸಹಿ ನಡಿತೈತಿ.

ಯಾವ ಆಫೀಸಿಗೆ ಕೊಡ್ಬೇಕು ಅನ್ನೋದೂ ಭಾಳ ಮಂದಿ ಎಡವೋ ಜಾಗ. ಬಳ್ಳಾರಿಯಾಗ, ರಾಯಚೂರಾಗ ಪಿಎಫ್ ಆಫೀಸ್ ಅದಾವ, ಆದ್ರ ನೀವು ತೋರಣಗಲ್ಲಿನ್ಯಾಗ ದುಡದೀರಿ ಅಂದ ಮಾತ್ರಕ್ಕ ನಿಮ್ಮ ಖಾತೆ ಬಳ್ಳಾರ್ಯಾಗ ಇರ್ತೈತಿ ಅಂತ ಇಲ್ಲ, ಕಾಂಟ್ರ್ಯಾಕ್ಟರ್ ಬೆಂಗಳೂರಿನ್ಯಾಗೋ ಬ್ಯಾರೆ ರಾಜ್ಯದಾಗೋ ನೋಂದಣಿ ಮಾಡಿಸಿದ್ರ ಖಾತೆ ಅಲ್ಲೇ. ಪಿಎಫ್ ಖಾತೆ ನಂಬರಿನ ಮೊದಲ ಐದು ಇಂಗ್ಲಿಷ್ ಅಕ್ಷರದಾಗ ಆಫೀಸ್ ಗೊತ್ತಾಗ್ತೈತಿ, ಬಸ್ ಚಾರ್ಜ್ ಹಾಕ್ಕೊಂಡು ಹೋಗೋಕಿಂತ ಮೊದ್ಲು ಅದನ್ನ ನೋಡ್ರಿ.

5. ಮನುಷ್ಯ ತೀರಿಕೊಂಡಾಗ: ಗಂಟು ಮೂರು, ಮೂರನ್ನೂ ಕೇಳ್ರಿ

ಇದನ್ನ ನಿಧಾನಕ್ಕ ಓದ್ರಿ. ಒಂದ ಸಂಯುಕ್ತ ಫಾರ್ಮ್ ಐತಿ, ಮರಣ ಪ್ರಕರಣದ ಕಾಂಪೋಸಿಟ್ ಕ್ಲೇಮ್ ಫಾರ್ಮ್ ಅಂತಾರ, ಮೂರಕ್ಕೂ ಅದ ಒಂದು ಸಾಕು. ಭಾಳ ಕಡೆ ಆಗೋದೇನಂದ್ರ ಮೊದಲನೇ ಗಂಟು ತಗದು ಕೊಟ್ಟು "ಆತು, ನಿಮ್ಮ ರೊಕ್ಕ ಬಂತು" ಅಂತ ಕಳಿಸಿಬಿಡ್ತಾರ, ಉಳಿದ ಎರಡು ಅಲ್ಲೇ ಕೊಳಿತಾ ಬೀಳ್ತಾವ.

ಮೊದಲನೇದು ಪಿಎಫ್ ರೊಕ್ಕ, ಹಳೇ ಹೆಸರು ಫಾರ್ಮ್ 20. ನಾಮಿನಿಗೆ ಹೋಗ್ತೈತಿ.

ಎರಡನೇದು ಇಡಿಎಲ್ಐ ವಿಮೆ, ಫಾರ್ಮ್ 5-ಐಎಫ್. ಕೆಲಸದಾಗ ಇದ್ದಾಗ ತೀರಿಕೊಂಡಿರಬೇಕು, ಹಿಂದಿನ ಒಂದು ವರ್ಷ ಬಿಡದ ಸರ್ವೀಸ್ ಇದ್ರ ಕನಿಷ್ಠ 2.5 ಲಕ್ಷ, ಹೆಚ್ಚಂದ್ರ 7 ಲಕ್ಷ. ಮನ್ಯಾಗೇ ಸತ್ತಿರ್ಲಿ, ರಸ್ತ್ಯಾಗೇ ಸತ್ತಿರ್ಲಿ, ಜಡ್ಡಿನಿಂದ ಆಗಿರ್ಲಿ, ಕಾರಣ ಕೇಳಂಗಿಲ್ಲ.

ಮೂರನೇದು ಪೆನ್ಷನ್, ಅದ 10-ಡಿ. ಹೆಂಡ್ತಿಗೆ ಗಂಡ ಅವತ್ತ ರಿಟೈರ್ ಆಗಿದ್ರ ಎಷ್ಟು ಬರ್ತಿತ್ತೋ ಅಷ್ಟು, ಇಲ್ಲಾ ಸ್ಕೀಮ್ನ್ಯಾಗಿನ ಕೋಷ್ಟಕದ ಮೊತ್ತ, ಇಲ್ಲಾ 1,000, ಮೂರರಾಗ ಯಾವುದು ಹೆಚ್ಚೋ ಅದು. ಸಾಯೋಮಟ ಬರ್ತೈತಿ, ಮರುಮದುವಿ ಆದ್ರ ನಿಲ್ತೈತಿ. ಇದರ ಮ್ಯಾಲ ಮಕ್ಕಳಿಗೆ ಬ್ಯಾರೆ, ಒಂದು ಮಗುವಿಗೆ ತಾಯಿ ಪೆನ್ಷನ್ನಿನ ಕಾಲು ಭಾಗ, ಒಮ್ಮೆಗೆ ಇಬ್ಬರಿಗೆ, 25 ವರ್ಷ ತುಂಬೋಮಟ. ತಾಯಿಗೆ 2,200 ಅಂದ್ರ ಇಬ್ಬರು ಮಕ್ಕಳಿಗೆ 550, 550, ಒಟ್ಟು ಮನಿಗೆ 3,300. ಮೂರನೇ ಮಗು ಇದ್ರ ದೊಡ್ಡಾಕಿಗೆ 25 ಆದಮ್ಯಾಲ ಅದರ ಪಾಳಿ. ಅಂಗವಿಕಲ ಮಗು ಇದ್ರ ಜೀವನಪೂರ್ತಿ. ತಾಯಿನೂ ಇಲ್ಲದ ಮಕ್ಕಳಿಗೆ ಕಾಲು ಅಲ್ಲ, ಮುಕ್ಕಾಲು.

ಹೆಣ್ಮಗಳು ದುಡೀತಿದ್ದು ಆಕಿ ತೀರಿಕೊಂಡ್ರ ಗಂಡಗೂ ಹಿಂಗ, ಇದು ಬರೇ ವಿಧವೆಯರಿಗೆ ಅಲ್ಲ.

ನಾಮಿನೇಶನ್ನ್ಯಾಗ ಹೆಂಡ್ತಿ ಹೆಸರು ಇಲ್ಲ, ಮದುವಿಗಿಂತ ಮೊದ್ಲು ಅವ್ವನ ಹೆಸರು ಬರಸಿದ್ದ, ಈಗ ಅತ್ತಿ ಸೊಸಿ ನಡುವ ಜಗಳ ಅಂತ ಭಾಳ ಬರ್ತಾವ. ಮದುವಿಗೆ ಮುಂಚಿನ ನಾಮಿನೇಶನ್ ಮದುವಿ ಆದಮ್ಯಾಲ ನಡಿಯಂಗಿಲ್ಲ. ಪೆನ್ಷನ್‌ಗಂತೂ ನಾಮಿನಿ ಕೇಳೋದೇ ಇಲ್ಲ, ಹೆಂಡ್ತಿ ಮಕ್ಕಳು ಇದ್ರ ಅವರಿಗೇ ಸ್ಕೀಮ್ ಪ್ರಕಾರ ಹಕ್ಕು. ಹೆಂಡ್ತಿನೂ ಮಕ್ಕಳೂ ಇಲ್ಲ ಅಂದಾಗ ಮಾತ್ರ ನಾಮಿನಿ, ಅದೂ ಇಲ್ಲಂದ್ರ ಆಸರಿಗಿದ್ದ ಅಪ್ಪ, ಆಮ್ಯಾಲ ಅವ್ವ.

ಕಾಗದ: ಮರಣ ಪ್ರಮಾಣಪತ್ರ (ಐದಾರು ಪ್ರತಿ ಒಮ್ಮೆಗೇ ತಗದಿಡ್ರಿ, ಬ್ಯಾಂಕು ಎಲ್ಐಸಿ ಎಲ್ಲಾ ಕಡೆ ಕೇಳ್ತಾರ), ಎಲ್ಲರ ಆಧಾರ್, ಹೆಂಡ್ತಿ ಒಬ್ಬಾಕಿ ಹೆಸರಿನ ಬ್ಯಾಂಕ್ ಖಾತೆ, ಸಣ್ಣ ಮಕ್ಕಳಿಗೆ ತಾಯಿ ಪಾಲಕಿ ಅಂತ ಬ್ಯಾರೆ ಬ್ಯಾರೆ ಖಾತೆ, ಮಕ್ಕಳ ಜನನ ಪ್ರಮಾಣಪತ್ರ, ಫೋಟೋ. ನಾಮಿನೇಶನ್ ಇಲ್ಲದಿದ್ರ ನಾಡಕಚೇರಿಯಿಂದ ವಂಶಾವಳಿ ಇಲ್ಲಾ ಉತ್ತರಾಧಿಕಾರಿ ಪತ್ರ. ಮಣ್ಣು ಕೊಟ್ಟು ಬಂದು ಮೂರು ದಿನಕ್ಕ ಇದನ್ನೆಲ್ಲಾ ಓಡಾಡ್ರಿ ಅಂತ ನಾನು ಹೇಳಂಗಿಲ್ಲ, ಪೆನ್ಷನ್ ಲೆಕ್ಕ ಸತ್ತ ಮರುದಿನದಿಂದ ಶುರು ಆಗ್ತೈತಿ, ತಡಾ ಆಗಿ ಹಾಕಿದ್ರ ಬಾಕಿ ಕೂಡಿ ಬರ್ತೈತಿ. ಎರಡು ಮೂರು ವರ್ಷ ಆತು ಇನ್ನೇನು ಅಂತ ಕುಂತೋರೂ ಹಾಕ್ರಿ.

ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಇದ್ದೋರು ಕೆಲಸದ ಜಾಗದಾಗ ಅಪಘಾತ ಆಗಿ ಹೋಗಿದ್ರ ಅದು ಈ ಮೂರರ ಹೊರಗಿನ ನಾಕನೇ ಗಂಟು, ಅರ್ಜಿ ಇಎಸ್‌ಐ ಬ್ರ್ಯಾಂಚಿಗೆ.

6. ಪೆನ್ಷನ್ ತಗೊಳ್ತಿದ್ದವರು ಹೋದ್ರ

ಆಗ ಹೆಂಡ್ತಿಗೆ ಅರ್ಧ, 1,000ಕ್ಕ ಕಡಿಮಿ ಇಲ್ಲದಂಗ. ಪಿಪಿಒ ನಂಬರ್, ಮರಣ ಪ್ರಮಾಣಪತ್ರ ತಗೊಂಡು ಆಫೀಸಿಗೆ ತಿಳಿಸ್ರಿ. ಸತ್ತವರ ಎಟಿಎಂ ಕಾರ್ಡಿನಿಂದ ಮುಂದಿನ ತಿಂಗಳ ಪೆನ್ಷನ್ ತಗಿಯೋದು ನಮ್ಮೂರಾಗ ಸಾಮಾನ್ಯ ಆಗೈತಿ. ಬ್ಯಾಡ್ರಿ, ಅದನ್ನ ಪೂರ್ತಿ ವಾಪಸ್ ಕಟ್ಟಿಸ್ಕೊಂಡೇ ಹೆಂಡ್ತಿ ಪೆನ್ಷನ್ ಶುರು ಮಾಡ್ತಾರ.

7. ಕೊಟ್ಟು ಬಂದಮ್ಯಾಲ ಸುಮ್ನ ಕೂಡಬ್ಯಾಡ್ರಿ

ಕೊಟ್ಟ ದಿನವೇ ಸ್ವೀಕೃತಿ ಚೀಟಿ ಇಸ್ಕೊಳ್ರಿ, ಮೊಬೈಲ್ನ್ಯಾಗ ಫೋಟೋ ಹೊಡ್ಕೊಳ್ರಿ. ಕಾಗದ ಎಲ್ಲಾ ಸರಿ ಇದ್ರ 20 ದಿನದಾಗ ಇತ್ಯರ್ಥ ಆಗಬೇಕು ಅಂತ ನಿಯಮ ಐತಿ. ಆಗ್ಲಿಲ್ಲಂದ್ರ ಇಪಿಎಫ್‌ಒ ದೂರು ಪೋರ್ಟಲ್ನ್ಯಾಗ ಹಾಕ್ರಿ, ಇಲ್ಲಾ 14470ಕ್ಕ ಫೋನ್ ಮಾಡ್ರಿ. ತಿಂಗಳಾ 27ಕ್ಕ ಪ್ರತಿ ಜಿಲ್ಲೆಯಾಗ "ನಿಧಿ ಆಪ್ಕೆ ನಿಕಟ್" ಅಂತ ಕ್ಯಾಂಪ್ ಮಾಡ್ತಾರ, ರಜಾ ಇದ್ರ ಮರುದಿನ. ಪೇಪರ್ನ್ಯಾಗ ಜಾಗ ಹಾಕಿರ್ತಾರ. ದೂರದ ಊರಿನವರಿಗೆ ಇದು ಛಲೋ, ಅಧಿಕಾರಿ ಎದುರಿಗೇ ಕುಂತಿರ್ತಾರ.

ತಿರಸ್ಕಾರ ಆದ್ರ ಕಾರಣ ಬರವಣಿಗ್ಯಾಗ ತಗೊಳ್ರಿ, ಬಾಯಿ ಮಾತಿಗೆ ವಾಪಸ್ ಬರಬ್ಯಾಡ್ರಿ. ಕೆಲಸದಾಗ ಇದ್ದಾಗ ತೀರಿಕೊಂಡವರ ಅರ್ಜಿಗೆ "ಹತ್ತು ವರ್ಷ ಆಗಿಲ್ಲ" ಅಂತ ಯಾರರ ಅಂದ್ರ "ಅದನ್ನ ಬರದು ಕೊಡ್ರಿ ಸರ್" ಅನ್ರಿ ಸಾಕು, ಬರಿಯಂಗಿಲ್ಲ, ಬರಿಯಾಕ ಬರಂಗಿಲ್ಲ.

ಫಾರ್ಮಿಗೆ ಫೀ ಇಲ್ಲ. ಹತ್ತು ಪರ್ಸೆಂಟ್ ಕೊಡ್ರಿ ಮಾಡಿಸಿ ಕೊಡ್ತೀನಿ ಅನ್ನೋ ಏಜೆಂಟ್‌ಗೆ ಓಟಿಪಿ, ಪಾಸ್‌ವರ್ಡ್ ಕೊಟ್ರ ಹತ್ತಲ್ಲ, ನೂರೂ ಹೋಗಬಹುದು.

8. ವರ್ಷಕ್ಕೊಮ್ಮೆ ಜೀವಂತ ಇದ್ದೀನಿ ಅಂತ ತೋರಿಸೋದು

ಇದನ್ನ ಜೀವನ ಪ್ರಮಾಣ ಅಂತಾರ. ಸರ್ಕಾರಿ ಪೆನ್ಷನ್‌ನವರಂಗ ನವೆಂಬರ್ನ್ಯಾಗೇ ಕೊಡಬೇಕು ಅಂತಿಲ್ಲ, ಪಿಎಫ್ ಪೆನ್ಷನ್‌ನವರು ಯಾವಾಗ ಬೇಕಾದ್ರೂ ಕೊಡಬಹುದು, ಕೊಟ್ಟ ದಿನದಿಂದ 12 ತಿಂಗಳು ನಡಿತೈತಿ. ಹೋದ ವರ್ಷ ಯಾವ ತಾರೀಖಿಗೆ ಕೊಟ್ಟೀರಿ ಅನ್ನೋದನ್ನ ಪಾಸ್‌ಬುಕ್ಕಿನ ಹಿಂದಿನ ಹಾಳಿ ಮ್ಯಾಲ ಬರದಿಡ್ರಿ, ಅದು ದಾಟಿದ್ರ ಪೆನ್ಷನ್ ನಿಲ್ತೈತಿ, ಕೊಟ್ಟ ಮ್ಯಾಲ ಬಾಕಿ ಕೂಡಿ ಬರ್ತೈತಿ.

ಬ್ಯಾಂಕು, ಪೋಸ್ಟ್ ಆಫೀಸು, ಸಿಎಸ್‌ಸಿ ಸೆಂಟರ್ ಎಲ್ಲಾ ಕಡೆ ಮಾಡ್ತಾರ. ಹಮಾಲಿ ಮಾಡಿದವರು, ಸಿಮೆಂಟು ಕಲಸಿದವರು, ಭಟ್ಟಿ ಮುಂದ ನಿಂತವರು ಹೆಬ್ಬೆಟ್ಟು ಇಟ್ರ ಮಷಿನ್ ತಗೊಳ್ಳಂಗಿಲ್ಲ, ರೇಖಿ ಸವದು ಹೋಗಿರ್ತಾವ. ನಮ್ಮ ಮಿಲ್ಲಿನ ಹಳೇ ಹಮಾಲರೊಬ್ಬರು ಹತ್ತೂ ಬೆರಳು ಇಟ್ಟು ನೋಡಿದ್ರು, ಎಣ್ಣಿ ಹಚ್ಚಿ ನೋಡಿದ್ರು, ಒಂದೂ ಬರ್ಲಿಲ್ಲ. ಅಂಥವರಿಗೆ ಮುಖ ತೋರಿಸಿ ಮಾಡೋದು ಬಂದೈತಿ, ಆಂಡ್ರಾಯ್ಡ್ ಫೋನ್ನ್ಯಾಗ ಆಧಾರ್ ಫೇಸ್ ಆರ್‌ಡಿ ಮತ್ತ ಜೀವನ್ ಪ್ರಮಾಣ್ ಎರಡೂ ಆ್ಯಪ್ ಹಾಕ್ಕೊಂಡು ಮನಿ ಕಟ್ಟಿ ಮ್ಯಾಲ ಕುಂತೇ ಮಾಡಬಹುದು. ಬೆಳಕು ಮುಖದ ಮ್ಯಾಲ ಬೀಳಂಗ ಕುಂದ್ರಸ್ರಿ, ಟೋಪಿ, ಸೆರಗು ಹಣಿಯಿಂದ ಹಿಂದ ಸರಸ್ರಿ, ಕಣ್ಣು ಒಂದು ಸಲ ಪಿಳಕಿಸಬೇಕು. ಆ ಹಮಾಲರಿಗೆ "ಕಣ್ಣು ಪಿಳಕಿಸ್ರಿ ಕಾಕಾ" ಅಂದ್ರ ನಕ್ಕೇ ಬಿಟ್ರು, ಮೂರನೇ ಸಲಕ್ಕ ತಗೊಂತು. ಮುಗಿದಮ್ಯಾಲ ಪ್ರಮಾಣ್ ಐಡಿ ಅಂತ ಒಂದು ನಂಬರ್ ಮೆಸೇಜ್ ಬರ್ತೈತಿ, ಅದನ್ನ ಡಿಲೀಟ್ ಮಾಡಬ್ಯಾಡ್ರಿ.